ಐವತ್ತೈದು ಬಾಯಿಗಳ ಪ್ರಮಾಣ

ಪೆಟ್ಟಿಗೆಯ ಮೇಲೆ ಮುಚ್ಚಳವು ಕೂರುವಂತೆ, ಮೇಲಿನ ಹಲ್ಲಿನ ಸಾಲು ಕೆಳಗಿನ ಸಾಲನ್ನು ಹೊರಗಿನಿಂದ ತುಸು ಕವಿದುಕೊಂಡಿರುವುದು ಸ್ವಭಾವಸಿದ್ಧವಾದ ಕ್ರಮವು. ಎರಡಕ್ಕೂ ಅಳತೆ ಹೊಂದದಿದ್ದರೆ, ವೈದ್ಯರು ತಂತಿ ಕಟ್ಟಿ ಎಷ್ಟು ತಿದ್ದಿದರೂ ಎಲ್ಲಿಯೋ ಒಂದೆಡೆ ಸಂದು ಉಳಿಯುವುದು, ಇಲ್ಲವೆ ಇಕ್ಕಟ್ಟಾಗುವುದು. ಈ ಹೊಂದಿಕೆಯನ್ನು ಅಂಕೆಯಲ್ಲಿ ಹಿಡಿದಿಟ್ಟವರಲ್ಲಿ ಅಮೇರಿಕದ ವೇನ್ ಬೋಲ್ಟನ್ನರ ಹೆಸರು ಇಂದಿಗೂ ಮುಂದಾಗಿ ನಿಂತಿದೆ.

ಅವರ ಲೇಖನವು ಪ್ರಕಟವಾದುದು 1958ರಲ್ಲಿ. ಹಲ್ಲುಗಳು ಅತ್ಯುತ್ತಮವಾಗಿ ಹೊಂದಿಕೊಂಡಿದ್ದ 55 ಬಾಯಿಗಳ ಅಚ್ಚುಗಳನ್ನು ಆರಿಸಿ, ಒಂದು ಕಡೆಯ ಮೊದಲನೆಯ ದವಡೆಹಲ್ಲಿನಿಂದ ಮತ್ತೊಂದು ಕಡೆಯದರವರೆಗೆ ಹನ್ನೆರಡು ಹಲ್ಲುಗಳ ಅಗಲವನ್ನು ಅವರು ಕೂಡಿಸಿದರು. ಕೆಳಸಾಲಿನ ಮೊತ್ತವು ಮೇಲ್ಸಾಲಿನದರ ಶೇಕಡ 91.3ರಷ್ಟಾಯಿತು, ಮುಂದಿನ ಆರಾರು ಹಲ್ಲುಗಳನ್ನೇ ಎಣಿಸಿದರೆ ಶೇಕಡ 77.2. ಆ 55ರಲ್ಲಿ 44 ಬಾಯಿಗಳು ಚಿಕಿತ್ಸೆಯಿಂದ ಸರಿಹೋದವು, 11 ಸಹಜವಾಗಿಯೇ ಸರಿಯಿದ್ದವು. ಇವರು ಯಾವ ಜನಾಂಗದವರು, ಗಂಡಸರೆಷ್ಟು, ಹೆಂಗಸರೆಷ್ಟು ಎಂಬುದನ್ನು ಮಾತ್ರ ಲೇಖನವು ತಿಳಿಸದು. ನಮ್ಮ ಕಡೆಯ ಮದುವೆಯೂಟದ ಒಂದೆರಡು ಪಂಕ್ತಿಗೆ ಸಾಲುವಷ್ಟು ಜನರ ಅಳತೆಯು ಹೀಗೆ ದೇಶದೇಶಗಳ ಪಠ್ಯಪುಸ್ತಕಗಳನ್ನು ಸೇರಿತು. ಬೋಲ್ಟನ್ನರನ್ನು ದೂರುವುದು ನ್ಯಾಯವಲ್ಲ. ತಮ್ಮ 55ರಲ್ಲಿಯೇ ಪ್ರಮಾಣವು 87.5ರಿಂದ 94.8ರವರೆಗೆ ಹರಡಿತ್ತೆಂದು ಅವರೇ ಬರೆದಿದ್ದರು. ಜನರ ನಾಲಗೆಯ ಮೇಲೆ ನಿಂತದ್ದು ಸರಾಸರಿಯೊಂದೇ.

2000ದಲ್ಲಿ ಸ್ಮಿತ್, ಬುಶಾಂಗ್, ವಾಟನಬೆ ಎಂಬ ಮೂವರು ಅಮೇರಿಕದ ಮೂರು ಜನಸಮೂಹಗಳಿಂದ, ಒಂದೊಂದರಲ್ಲಿ 30 ಗಂಡಸರು 30 ಹೆಂಗಸರಂತೆ, 180 ಮಂದಿಯ ಅಚ್ಚುಗಳನ್ನು ಅಳೆದರು. ಹನ್ನೆರಡು ಹಲ್ಲುಗಳ ಪ್ರಮಾಣವು ಬಿಳಿಯರಲ್ಲಿ 92.3, ಹಿಸ್ಪ್ಯಾನಿಕ್ ಜನರಲ್ಲಿ 93.1, ಆಫ್ರಿಕಾ ಮೂಲದವರಲ್ಲಿ 93.4. ಬೋಲ್ಟನ್ನರ ಅಂಕೆಯು ಬಿಳಿಯ ಹೆಂಗಸರಿಗೆ ಮಾತ್ರ ಸಲ್ಲುವುದೆಂದು ಅವರು ನಿರ್ಣಯಿಸಿದರು.

ಶೇಕಡ ಎರಡರ ಅಂತರವೇನು ಮಹಾ ಎಂದು ವಾಚಕರು ಕೇಳಬಹುದು. ಮೇಲ್ಸಾಲಿನ ಮೊತ್ತವು 96 ಮಿಲಿಮೀಟರು ಎಂದಿಟ್ಟುಕೊಳ್ಳೋಣ. 91.3ರ ಲೆಕ್ಕದಲ್ಲಿ ಕೆಳಸಾಲು 87.6 ಇರಬೇಕು, 93.4ರ ಲೆಕ್ಕದಲ್ಲಿ 89.7. ತನ್ನ ಜನರ ವಾಡಿಕೆಯಂತೆಯೇ ಹಲ್ಲು ಬೆಳೆದ ಬಾಲಕನೊಬ್ಬನ ಕೆಳಸಾಲಿನಲ್ಲಿ ಎರಡು ಮಿಲಿಮೀಟರು ಹೆಚ್ಚಾಯಿತೆಂದು ಕಾಗದವು ಸಾರುವುದು. ಆ ಹೆಚ್ಚಳವನ್ನು ಕಳೆಯುವ ಉಪಾಯಗಳಾದರೋ ಹಲ್ಲಿನ ಪಕ್ಕಗಳನ್ನು ಅರದಿಂದ ಉಜ್ಜುವುದು, ಇಲ್ಲವೆ ಒಂದು ಬಾಚಿಹಲ್ಲನ್ನೇ ಕೀಳುವುದು. ಉಜ್ಜಿ ತೆಗೆದ ಎನಾಮಲು ಮತ್ತೆ ಬೆಳೆಯತಕ್ಕದ್ದಲ್ಲ.

ಆದುದರಿಂದಲೇ ಜಾಗರೂಕರಾದ ವೈದ್ಯರು ಅರವನ್ನು ಕೈಗೆತ್ತಿಕೊಳ್ಳುವ ಮೊದಲು, ರೋಗಿಯ ಹಲ್ಲುಗಳ ಗಾರೆಯಚ್ಚನ್ನು ಒಂದೊಂದು ಹಲ್ಲಾಗಿ ಗರಗಸದಿಂದ ಬಿಡಿಸಿ, ಮೇಣದಲ್ಲಿ ಹೊಸದಾಗಿ ಸಾಲುಗೂಡಿಸಿ ನೋಡುವುದುಂಟು; ಇತ್ತೀಚೆಗೆ ಈ ಕೆಲಸವನ್ನು ಕಂಪ್ಯೂಟರಿನಲ್ಲಿಯೂ ಮಾಡುವರು. ಅಲ್ಲಿ ಪರರ ಸರಾಸರಿಯ ಗೊಡವೆಯಿಲ್ಲ. ಹಲ್ಲು ಹೆಚ್ಚೋ ಕಡಿಮೆಯೋ ಎಂಬುದು ಆ ಬಾಯಿಯ ಅಳತೆಯಿಂದಲೇ ತೋರಿಬರುವುದು.