ತಂಗಡಗಿಯ ನೀಲಮ್ಮನವರ ವಚನಗಳು: ಓಲೆಗರಿಯಿಂದ ಅಂತರ್ಜಾಲಕ್ಕೆ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣಾ ನದಿಯ ದಂಡೆಯ ಮೇಲಿರುವ ಗ್ರಾಮ. ಬಸವಣ್ಣನವರ ಪತ್ನಿ ನೀಲಮ್ಮ ಐಕ್ಯರಾದ ಸ್ಥಳವೆಂದು ಶರಣ ಪರಂಪರೆ ಈ ಊರನ್ನು ಗುರುತಿಸುತ್ತದೆ. ಕಲ್ಯಾಣದ ವಿಪ್ಲವದ ನಂತರ ಕೂಡಲಸಂಗಮಕ್ಕೆ ಮರಳಿದ ಬಸವಣ್ಣನವರು ಪತ್ನಿಯನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರು. ನೀಲಮ್ಮನವರು ತಂಗಡಗಿಯನ್ನು ತಲುಪುವ ವೇಳೆಗೆ ಬಸವಣ್ಣನವರು ಲಿಂಗೈಕ್ಯರಾಗಿದ್ದರು. ಸುದ್ದಿ ಕೇಳಿದ ಅವರು ಸಂಗಮಕ್ಕೆ ಹೋಗದೆ ಇಲ್ಲಿಯೇ ಐಕ್ಯರಾದರು ಎಂಬುದು ಪ್ರಚಲಿತ ಕಥನ. ಹಡಪದ ಅಪ್ಪಣ್ಣನವರ ನೆನಪೂ ಈ ಗ್ರಾಮದೊಂದಿಗೆ ಬೆಸೆದುಕೊಂಡಿದ್ದು, ಅವರ ಹೆಸರಿನ ಪೀಠ ಇಲ್ಲಿದೆ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಕೂಡಲಸಂಗಮ ಆ ಜಿಲ್ಲೆಗೆ ಸೇರಿತು. ತಂಗಡಗಿ ಹಳೆಯ ಜಿಲ್ಲೆಯಲ್ಲೇ ಉಳಿಯಿತು.

ಊರಿನ ಐತಿಹ್ಯ ಜನರ ನಾಲಿಗೆಯ ಮೇಲೆ ಉಳಿದಿದೆ. ಆದರೆ 'ಸಂಗಯ್ಯ' ಎಂಬ ಅಂಕಿತದಲ್ಲಿ ನೀಲಮ್ಮನವರು ರಚಿಸಿದ ವಚನಗಳು ಉಳಿದದ್ದು ಅವುಗಳನ್ನು ಮತ್ತೆ ಮತ್ತೆ ಪ್ರತಿ ಮಾಡಿದವರಿಂದ. ಓಲೆಗರಿ, ಮುದ್ರಣ, ಗಣಕಯಂತ್ರ ಎಂಬ ಮೂರು ಘಟ್ಟಗಳನ್ನು ಈ ಪ್ರತಿಗಳು ದಾಟಿವೆ. ಇವುಗಳಲ್ಲಿ ಹೆಚ್ಚು ದುರ್ಬಲವಾಗಿದ್ದುದು ಹಳೆಯದಾದ ಓಲೆಗರಿಯಲ್ಲ, ನಮ್ಮ ಕಾಲದ ಗಣಕಯಂತ್ರದ ಮೊದಲ ಪ್ರತಿ ಎಂಬುದು ಗಮನಿಸಬೇಕಾದ ಸಂಗತಿ.

ಓಲೆಗರಿ ಮತ್ತು ಅಚ್ಚಿನ ಮೊಳೆ

ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ವ್ಯಾಪಕವಾಗಿ ಸಂಕಲಿಸಲಾಯಿತು. ಲಿಪಿಕಾರರು ಕಂಠದಿಂದ ಗರಿಯ ಮೇಲೆ ಅಕ್ಷರ ಕೊರೆದು ಮಸಿ ತುಂಬುತ್ತಿದ್ದರು. ಪದಗಳ ನಡುವೆ ಬಿಡುವಿಲ್ಲದೆ ಸಾಲು ಸಾಗುತ್ತಿತ್ತು. ಎಲ್ಲಿ ಪದ ಮುಗಿಯಿತು, ಎಲ್ಲಿ ವಚನ ಮುಗಿಯಿತು ಎಂಬುದನ್ನು ಓದುಗನೇ ನಿರ್ಧರಿಸಬೇಕಿತ್ತು. ವಚನದ ಕೊನೆಯನ್ನೂ ಕರ್ತೃವನ್ನೂ ತಿಳಿಸುತ್ತಿದ್ದುದು ಬಹುತೇಕ ಅಂಕಿತವೊಂದೇ.

ಈ ಗರಿಗಳನ್ನು ಅಚ್ಚಿಗೆ ತಂದವರಲ್ಲಿ ಅಗ್ರಗಣ್ಯರು ಡಾ. ಫ.ಗು. ಹಳಕಟ್ಟಿ. ಧಾರವಾಡದಲ್ಲಿ 1880ರ ಜುಲೈ 2ರಂದು ಜನಿಸಿದ ಅವರು ಅಂದಿನ ಬಿಜಾಪುರದಲ್ಲಿ ವಕೀಲರಾಗಿದ್ದರು. ಊರೂರು ತಿರುಗಿ ಹಸ್ತಪ್ರತಿಗಳನ್ನು ಸಂಗ್ರಹಿಸಿದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ ಅವರ ಸಂಗ್ರಹ ಅಚ್ಚಾಗದೆ ಹಿಂದಿರುಗಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಕೊನೆಗೆ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಅನ್ಯರ ಮುದ್ರಣಾಲಯವನ್ನು ನಂಬಿ ಕೂರುವಂತಿಲ್ಲವೆಂದು ಅರಿತ ಹಳಕಟ್ಟಿಯವರು 1925ರಲ್ಲಿ ತಮ್ಮದೇ 'ಹಿತಚಿಂತಕ' ಮುದ್ರಣಾಲಯವನ್ನು ಆರಂಭಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು. ಈ ಕಾರ್ಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು.

ಎರಡನೆಯ ದೊಡ್ಡ ಪ್ರಯತ್ನ ಸರ್ಕಾರದ್ದು. 1993ರಲ್ಲಿ 15 ಸಂಪುಟಗಳ 'ಸಮಗ್ರ ವಚನ ಸಂಪುಟ' ಪ್ರಕಟವಾಯಿತು. ಪ್ರಧಾನ ಸಂಪಾದಕರಾದ ಡಾ. ಎಂ.ಎಂ. ಕಲಬುರ್ಗಿ ಇದೇ ಜಿಲ್ಲೆಯ ಸಿಂದಗಿ ತಾಲ್ಲೂಕಿನವರು. ಶಿವಶರಣೆಯರ ವಚನಗಳಿಗೆ ಇದರಲ್ಲಿ ಪ್ರತ್ಯೇಕ ಸಂಪುಟವೇ ಇದ್ದು, ಡಾ. ವೀರಣ್ಣ ರಾಜೂರ ಅದನ್ನು ಸಂಪಾದಿಸಿದರು. ನೀಲಮ್ಮನವರ ವಚನಗಳು, ಅಪ್ಪಣ್ಣನವರ ಪತ್ನಿ ಲಿಂಗಮ್ಮನವರ ವಚನಗಳು ಒಂದೇ ರಕ್ಷಾಪುಟದೊಳಗೆ ಓದುಗರಿಗೆ ದೊರೆತವು. ಒಟ್ಟು ಸಂಪುಟಗಳಲ್ಲಿ 20 ಸಾವಿರಕ್ಕೂ ಮಿಕ್ಕಿದ ವಚನಗಳಿವೆ.

ಗಣಕಯಂತ್ರ ಅರಿಯದಿದ್ದ ಕನ್ನಡ

ವಚನಗಳು ಗಣಕಯಂತ್ರಕ್ಕೆ ಬಂದ ಆರಂಭದ ದಿನಗಳಲ್ಲಿ ಯಂತ್ರಕ್ಕೆ ಕನ್ನಡ ತಿಳಿದಿರಲಿಲ್ಲ. ಭಾರತೀಯ ಲಿಪಿಗಳಿಗಾಗಿ 'ಇಸ್ಕಿ' ಎಂಬ ಸಂಕೇತಕ್ರಮವನ್ನು 1991ರಲ್ಲಿ ರಾಷ್ಟ್ರೀಯ ಮಾನಕವಾಗಿ ಅಂಗೀಕರಿಸಲಾಗಿತ್ತಾದರೂ ಅಚ್ಚುಮನೆ, ಪತ್ರಿಕಾಲಯಗಳಲ್ಲಿ ನಡೆದದ್ದು ಬೇರೆಯೇ ದಾರಿ. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಣುಕುಗಳ ಚಿತ್ರವನ್ನು ಕೂರಿಸುವುದೇ ಆ ದಾರಿ. ತಲೆಕಟ್ಟು ಒಂದು ತುಣುಕು, ಕೊಂಬು ಇನ್ನೊಂದು, ಒತ್ತು ಮತ್ತೊಂದು. ತೆರೆಯ ಮೇಲೆ ಕಾಣುತ್ತಿದ್ದುದು ಕನ್ನಡ. ಕಡತದೊಳಗೆ ಉಳಿಯುತ್ತಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

ಪ್ರತಿ ಸಂಸ್ಥೆಯ ಫಾಂಟಿಗೂ ತುಣುಕುಗಳ ಜೋಡಣೆ ಬೇರೆ. ಆದ್ದರಿಂದ ಒಂದು ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. 2000ದ ದಶಕದಲ್ಲಿ ಕನ್ನಡ ಜಾಲತಾಣಗಳನ್ನು ಓದಿದವರಿಗೆ, ಮೊದಲು ಫಾಂಟ್ ಇಳಿಸಿಕೊಳ್ಳಬೇಕೆಂದು ಸೂಚಿಸುತ್ತಿದ್ದ ಆ ಮುಖಪುಟಗಳು ನೆನಪಿರಬಹುದು. ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲಿ ಬಂದು ಕನ್ನಡ ಬೆರಳಚ್ಚನ್ನು ಮನೆಮನೆಗೆ ತಲುಪಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಬರೆಯುವ ಕೆಲಸವನ್ನು ಸರಳಗೊಳಿಸಿತು. ಬರೆಯುವುದು ಸುಲಭವಾದರೂ ಬರೆದದ್ದನ್ನು ಹುಡುಕುವುದು ಬಹುಕಾಲ ಅಸಾಧ್ಯವಾಗಿಯೇ ಉಳಿಯಿತು.

ಈ ಅವಧಿಯ ನಷ್ಟ ಸಣ್ಣದಲ್ಲ. ಐದು ಶತಮಾನ ಕಳೆದ ಓಲೆಗರಿಯನ್ನು ಹಳಗನ್ನಡ ಲಿಪಿ ಬಲ್ಲವರು ಇಂದಿಗೂ ಓದಬಲ್ಲರು. ಫಾಂಟ್ ಕಳೆದುಹೋದ ಇಪ್ಪತ್ತು ವರ್ಷದ ಹಿಂದಿನ ಸಿ.ಡಿ.ಯನ್ನು ಓದುವುದು ಅಷ್ಟು ಸುಲಭವಲ್ಲ. ಪತ್ರಿಕೆಗಳ ಆ ಕಾಲದ ಅಂತರ್ಜಾಲ ಪುಟಗಳಿಗೂ, ಲೇಖಕರ ಮನೆಗಳಲ್ಲಿರುವ ಪುಸ್ತಕದ ಕಡತಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಯೂನಿಕೋಡ್ ತಂದ ಬದಲಾವಣೆ

ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ನೀಡುವ ಯೂನಿಕೋಡ್ ಕ್ರಮದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ 128 ಸ್ಥಾನಗಳು ದೊರೆತವು. ಆದರೆ ಸಾಮಾನ್ಯ ಬಳಕೆದಾರರ ಗಣಕಯಂತ್ರಕ್ಕೆ ಅದು ತಲುಪಿದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಮತ್ತು ಅದರೊಂದಿಗಿದ್ದ 'ತುಂಗಾ' ಫಾಂಟಿನ ಮೂಲಕ. 2003ರಲ್ಲಿ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲೇ ಆರಂಭವಾಯಿತು.

ಯೂನಿಕೋಡಿನಲ್ಲಿ 'ನೀಲಮ್ಮ' ಎಂಬುದು ಚಿತ್ರದ ತುಣುಕುಗಳಲ್ಲ. ನ, ದೀರ್ಘ ಈಕಾರದ ಚಿಹ್ನೆ, ಲ, ಮ, ಹಲಂತ, ಮ ಎಂಬ ಆರು ಸಂಕೇತಗಳು. ಅಕ್ಷರದ ರೂಪವನ್ನು ಫಾಂಟ್ ನೋಡಿಕೊಳ್ಳುತ್ತದೆ. ಅಕ್ಷರದ ಗುರುತು ಕಡತದಲ್ಲೇ ಉಳಿಯುತ್ತದೆ. ಇಲ್ಲಿಯೂ ತೊಡಕುಗಳಿಲ್ಲವೆಂದಲ್ಲ. ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ದಾಖಲಿಸಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಸಮೀಕರಿಸದ ತಂತ್ರಾಂಶಕ್ಕೆ ಬೇರೆ ಬೇರೆ. ಹಾಗಾದಾಗ ನೀಲಮ್ಮನವರ ವಚನ ಕಡತದಲ್ಲಿದ್ದರೂ ಹುಡುಕಾಟಕ್ಕೆ ಸಿಗದೆ ಹೋಗುತ್ತದೆ. ನೀಲಮ್ಮ, ನೀಲಾಂಬಿಕೆ, ನೀಲಲೋಚನೆ ಎಂಬ ಹೆಸರುಗಳು ಒಬ್ಬರವೇ ಎಂಬುದನ್ನೂ, 2014ಕ್ಕೆ ಮೊದಲಿನ ಬರಹಗಳ 'ಬಿಜಾಪುರ'ವೇ ಇಂದಿನ 'ವಿಜಯಪುರ' ಎಂಬುದನ್ನೂ ಜಾಲತಾಣ ರೂಪಿಸುವವರು ಯಂತ್ರಕ್ಕೆ ತಿಳಿಸಿಕೊಡಬೇಕಾಗುತ್ತದೆ.

2010ರ ದಶಕದ ಮೊದಲ ಭಾಗದಲ್ಲಿ ಓಂಶಿವಪ್ರಕಾಶ್ ಮತ್ತು ಅವರ ಸಂಗಡಿಗರು, ವಿಮರ್ಶಕ ಓ.ಎಲ್. ನಾಗಭೂಷಣ ಸ್ವಾಮಿ ಅವರ ಮಾರ್ಗದರ್ಶನದಲ್ಲಿ 'ವಚನ ಸಂಚಯ' ಎಂಬ ಜಾಲತಾಣವನ್ನು ರೂಪಿಸಿದರು. ಹಳೆಯ ಸಂಕೇತಕ್ರಮದಲ್ಲಿದ್ದ ವಚನಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ವಚನಕಾರ, ಅಂಕಿತ ಮತ್ತು ಪದಗಳ ಆಧಾರದಲ್ಲಿ ಹುಡುಕಲು ಅವಕಾಶ ಕಲ್ಪಿಸಿದ್ದು ಇದರ ಹೆಚ್ಚುಗಾರಿಕೆ. ಒಂದು ಪದವನ್ನು ಯಾವ ಯಾವ ಶರಣರು ಬಳಸಿದ್ದಾರೆಂದು ತಿಳಿಯಲು 15 ಸಂಪುಟಗಳ ಪುಟ ತಿರುವಬೇಕಿದ್ದ ಕೆಲಸ ಕ್ಷಣಗಳಿಗೆ ಇಳಿಯಿತು.

ಅಂಕಿತದ ಸೂಕ್ಷ್ಮ

ಯಂತ್ರದ ಮಿತಿಯನ್ನು ತೋರಿಸಲು ಅಂಕಿತಗಳೇ ಸಾಕು. 'ಸಂಗಯ್ಯ' ಎಂದು ಹುಡುಕಿದರೆ ನೀಲಮ್ಮನವರ ವಚನಗಳ ಜೊತೆಗೆ 'ಕೂಡಲಸಂಗಯ್ಯ' ಎಂದಿರುವ ಬಸವಣ್ಣನವರ ವಚನಗಳೂ ಎದುರಾಗುತ್ತವೆ. ಅಪ್ಪಣ್ಣನವರ ಅಂಕಿತ 'ಬಸವಪ್ರಿಯ ಕೂಡಲಚೆನ್ನಬಸವಣ್ಣ'. ಲಿಂಗಮ್ಮನವರದು 'ಅಪ್ಪಣ್ಣಪ್ರಿಯ ಚೆನ್ನಬಸವಣ್ಣ'. ಯಂತ್ರ ಅಕ್ಷರಗಳನ್ನು ಹೊಂದಿಸಬಲ್ಲದು. ಇದು ಪತಿಯದೋ ಪತ್ನಿಯದೋ ಎಂದು ನಿರ್ಣಯಿಸುವ ಹೊಣೆ ಸಂಪಾದಕರದು.

ಅಂಕಿತ ಎಷ್ಟು ಗಂಭೀರ ವಿಷಯವೆಂಬುದಕ್ಕೆ ನ್ಯಾಯಾಲಯದ ದಾಖಲೆಯೇ ಇದೆ. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿ ಪ್ರಕಟಿಸಿದ 'ವಚನ ದೀಪ್ತಿ'ಯನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಅಂದು ಅಚ್ಚಿನ ಪುಸ್ತಕದಲ್ಲಿ ನಡೆದ ಬದಲಾವಣೆಯನ್ನು ಇಂದು ಯಾರು ಬೇಕಾದರೂ ಒಂದು ಆದೇಶದಿಂದ ಸಾವಿರಾರು ವಚನಗಳಲ್ಲಿ ಮಾಡಬಹುದು. ಆದ್ದರಿಂದ ಅಂತರ್ಜಾಲದಲ್ಲಿ ವಚನವನ್ನು ಪ್ರಕಟಿಸುವವರು ಯಾವ ಆವೃತ್ತಿ, ಯಾವ ಸಂಪುಟ, ಎಷ್ಟನೆಯ ವಚನ ಎಂಬುದನ್ನು ಜೊತೆಗೇ ನಮೂದಿಸುವುದು ಅಗತ್ಯ.

ಮುಂದಿನ ಕೆಲಸ

ಹನ್ನೆರಡನೆಯ ಶತಮಾನದ ವಚನಗಳಿಗೆ ಯಾರ ಹಕ್ಕುಸ್ವಾಮ್ಯವೂ ಇಲ್ಲ; ಸಂಪಾದಕರ ಪೀಠಿಕೆ, ಟಿಪ್ಪಣಿಗಳಿಗೆ ಇರುತ್ತದೆ. ಭಾರತದ ಕಾನೂನಿನಂತೆ ಲೇಖಕರ ನಿಧನದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಹಕ್ಕು ಊರ್ಜಿತ. ಹಳಕಟ್ಟಿಯವರು ನಿಧನರಾದದ್ದು 1964ರ ಜೂನ್ 29ರಂದು. ಅಂದರೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಅವರ ಬರಹಗಳು 2025ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾಗಿವೆ. ಅವುಗಳನ್ನು ಯೂನಿಕೋಡಿಗೆ ತರಲು ಈಗ ಕಾನೂನಿನ ಅಡ್ಡಿಯಿಲ್ಲ. ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳೂ ಲಭ್ಯ. ಆದರೆ ಮಾಸಿದ ಅಚ್ಚಿನಲ್ಲಿ ದ-ಧ, ಬ-ಭಗಳ ವ್ಯತ್ಯಾಸ ಯಂತ್ರಕ್ಕೆ ತಪ್ಪುವುದರಿಂದ ಕರಡು ತಿದ್ದುವವರ ಕಣ್ಣು ತಪ್ಪದೆ ಬೇಕು.

ಹಳೆಯ ಫಾಂಟಿನ ಕಡತಗಳನ್ನು ಇಟ್ಟುಕೊಂಡಿರುವ ಮಠ, ಗ್ರಂಥಾಲಯ, ಪತ್ರಿಕಾಲಯ ಹಾಗೂ ಲೇಖಕರು ಪರಿವರ್ತಕ ತಂತ್ರಾಂಶಗಳು ದೊರೆಯುತ್ತಿರುವಾಗಲೇ ಅವುಗಳನ್ನು ಯೂನಿಕೋಡಿಗೆ ಬದಲಿಸಿ, ಮೂಲ ಕಡತವನ್ನೂ ಫಾಂಟನ್ನೂ ಜೊತೆಗಿರಿಸುವುದು ಒಳಿತು. ಪ್ರತಿ ಒಂದೆಡೆ ಮಾತ್ರ ಇದ್ದರೆ ಅದು ಇಲ್ಲದಂತೆಯೇ. ಗೆದ್ದಲಿಗೆ ಹೆದರಿ ಲಿಪಿಕಾರರು ಗರಿಗಳ ಪ್ರತಿ ಮಾಡಿ ಬೇರೆ ಬೇರೆ ಮಠಗಳಲ್ಲಿ ಇರಿಸಿದ್ದರಿಂದಲೇ ತಂಗಡಗಿಯ ನೀಲಮ್ಮನವರ ಮಾತು ಎಂಟು ಶತಮಾನಗಳ ನಂತರವೂ ಓದಲು ಸಿಗುತ್ತಿದೆ.