ಅರಿಸಿನಕ್ಕೊಂದು ಒರೆಗಲ್ಲು

ಬಂಗಾರದ ಶುದ್ಧಾಶುದ್ಧಗಳನ್ನು ತಿಳಿಯುವುದಕ್ಕೆ ಅಕ್ಕಸಾಲಿಗರಲ್ಲಿ ಒರೆಗಲ್ಲು ಪ್ರಾಚೀನಕಾಲದಿಂದಲೂ ಉಂಟು. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳ ಸಂತೆಗಳಲ್ಲಿ ಬಡವರೂ ಬಲ್ಲಿದರೂ ಕೊಳ್ಳುವ ಅರಿಸಿನ, ಖಾರದ ಪುಡಿ, ಮೆಣಸು, ಇಂಗುಗಳಿಗೆ ಅಂತಹ ಒರೆಗಲ್ಲು ಬಹುಕಾಲ ಇರಲಿಲ್ಲ. ಕಲಬೆರಕೆಯನ್ನು ದಂಡಿಸುವ ಶಾಸ್ತ್ರವು ಹಳೆಯದು. ಅದನ್ನು ಕಂಡುಹಿಡಿಯುವ ಉಪಾಯವು ಹೊಸದು. ಇವೆರಡರ ನಡುವಣ ಅಂತರವು ತುಂಬಿ ಬಂದ ಬಗೆಯು ವಿಚಾರಾರ್ಹವಾಗಿದೆ.

ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಧಾನ್ಯ, ಸ್ನೇಹದ್ರವ್ಯ, ಕ್ಷಾರ, ಲವಣ, ಗಂಧದ್ರವ್ಯ, ಔಷಧ ಇವುಗಳಲ್ಲಿ ಸಮವರ್ಣದ, ಎಂದರೆ ಅದೇ ಬಣ್ಣದ, ಅನ್ಯವಸ್ತುವನ್ನು ಬೆರಸುವವನಿಗೆ 12 ಪಣಗಳ ದಂಡವನ್ನು ವಿಧಿಸಿದ್ದಾನೆ. ‘ಸಮವರ್ಣ’ವೆಂಬ ಮಾತು ಇಲ್ಲಿ ಗಮನಾರ್ಹವಾದುದು. ಕಲಬೆರಕೆಗಾರನು ಮೊದಲು ವಂಚಿಸುವುದು ಕಣ್ಣನ್ನು ಎಂಬುದನ್ನು ಆ ಶಾಸ್ತ್ರಕಾರನು ಚೆನ್ನಾಗಿ ಅರಿತಿದ್ದನು. ಯಾಜ್ಞವಲ್ಕ್ಯಸ್ಮೃತಿಯು ಔಷಧ, ಉಪ್ಪು, ಧಾನ್ಯ, ಬೆಲ್ಲ ಮೊದಲಾದುವುಗಳಲ್ಲಿ ಹೀನವಸ್ತುವನ್ನು ಸೇರಿಸುವವನಿಗೆ 16 ಪಣಗಳನ್ನು ಹೇಳುತ್ತದೆ.

ಈ ವಿಧಿಯೊಳಗೆ ಸಾಂಬಾರ ಪದಾರ್ಥಗಳನ್ನು ಹೆಸರಿಸಿ ಸೇರಿಸಿದವನು ಇದೇ ಸೀಮೆಯ ಪಂಡಿತನು. ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಿಂದ ರಾಜ್ಯವಾಳುತ್ತಿದ್ದಾಗ, ಇಂದಿನ ಆಳಂದದ ಪ್ರದೇಶವು ‘ಅಳಂದೆ ಸಾಸಿರ’ವೆಂದು ಕರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿ, ವಿಜ್ಞಾನೇಶ್ವರನು ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕಲಬುರಗಿಯ ಸಮೀಪದ ಮರತೂರು ಆತನ ಊರೆಂದು ಪ್ರಸಿದ್ಧವಾಗಿದೆ. ದಾಯಭಾಗದ ವಿಷಯದಲ್ಲಿ ಈ ಗ್ರಂಥದ ಖ್ಯಾತಿಯನ್ನು ಎಲ್ಲರೂ ಬಲ್ಲರು. ಆದರೆ ಸ್ಮೃತಿಯ ‘ಆದಿ’ಶಬ್ದಕ್ಕೆ ಇಂಗು, ಮೆಣಸು ಮುಂತಾದುವೆಂದು ಆತನು ಮಾಡಿದ ವಿವರಣೆಯನ್ನು ಸ್ಮರಿಸುವವರು ವಿರಳ. ಆತನು ಹೇಳಿದುದು ಕರಿಮೆಣಸನ್ನೇ. ಈ ಭಾಗದ ಊಟಕ್ಕೆ ಈಗ ಪ್ರಾಣವಾಗಿರುವ ಕೆಂಪು ಮೆಣಸಿನಕಾಯಿಯು ಪೋರ್ಚುಗೀಸರು ಬಂದ ಮೇಲೆ ಅಮೇರಿಕಾ ಖಂಡದಿಂದ ಬಂದುದು.

ಹೀಗೆ ದಂಡವೇನೋ ಗೊತ್ತಾಗಿತ್ತು. ಆದರೆ ಸಾಕ್ಷ್ಯಕ್ಕೆ ಕಣ್ಣು, ಮೂಗು, ನಾಲಗೆಗಳೇ ಶರಣು. 1820ರಲ್ಲಿ ಲಂಡನ್ನಿನ ರಸಾಯನಜ್ಞ ಫ್ರೆಡ್ರಿಕ್ ಆಕುಮ್ ಎಂಬಾತನು ಅಗಸೆಯ ಹಿಂಡಿ, ಜೇಡಿಮಣ್ಣು ಮತ್ತು ಖಾರದ ಪುಡಿಗಳಿಂದ ಮಾಡಿದ ಹುಸಿಮೆಣಸಿನ ಕಾಳುಗಳನ್ನು ಬಯಲಿಗೆಳೆದನು. ನೀರಿಗೆ ಹಾಕಿದರೆ ಅವು ಕರಗಿ ಪುಡಿಯಾಗುತ್ತಿದ್ದುವು. 1850ರ ದಶಕದಲ್ಲಿ ವೈದ್ಯನಾದ ಆರ್ಥರ್ ಹಸ್ಸಾಲನು ಸೂಕ್ಷ್ಮದರ್ಶಕದಿಂದ ಸಾಸಿವೆಯ ಪುಡಿಯಲ್ಲಿ ಹಿಟ್ಟನ್ನೂ ಅರಿಸಿನವನ್ನೂ ಕಂಡನು. ಇವನ್ನು ಅನುಸರಿಸಿ 1860ರಲ್ಲಿ ಆ ದೇಶದಲ್ಲಿ ಶಾಸನವಾಯಿತು.

ಬೆಳಕೇ ಪರೀಕ್ಷಕನಾಗುವ ಮಾರ್ಗವು ಇನ್ನೊಂದು ದಿಕ್ಕಿನಿಂದ ತೆರೆಯಿತು. 1800ರಲ್ಲಿ ವಿಲಿಯಂ ಹರ್ಷೆಲನು ಕೆಂಪು ಬಣ್ಣದಾಚೆಗೂ ಕಣ್ಣಿಗೆ ಕಾಣದ ಕಿರಣಗಳಿರುವುದನ್ನು ತೋರಿಸಿದನು. 1928ರ ಫೆಬ್ರವರಿ 28ರಂದು ಸರ್ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿ, ವಸ್ತುವಿನಿಂದ ಚದರುವ ಬೆಳಕಿನಲ್ಲಿ ಅಲ್ಪಾಂಶವು ಬಣ್ಣವನ್ನು ಬದಲಿಸಿಕೊಳ್ಳುವುದನ್ನು ಕಂಡರು; 1933ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಆ ಬದಲಾವಣೆಯು ಪ್ರತಿಯೊಂದು ಅಣುವಿಗೂ ಬೇರೆಬೇರೆಯಾಗಿದ್ದು, ಅದರ ಹೆಬ್ಬೆಟ್ಟಿನ ಗುರುತಿನಂತಿರುವುದು. 1960ರಲ್ಲಿ ಲೇಸರ್ ದೀಪವು ಹುಟ್ಟಿದ ಮೇಲೆ ಇಂತಹ ಉಪಕರಣಗಳು ಕಿರಿದಾಗುತ್ತ ಬಂದು, ಈಗ ಕೈಯಲ್ಲಿ ಹಿಡಿಯುವಷ್ಟಾಗಿವೆ.

ಇವುಗಳ ಕ್ರಮವು ಸರಳವಾದುದು. ಪುಡಿಯ ಮೇಲೆ ಬೆಳಕನ್ನು ಬಿಟ್ಟು, ಹಿಂದಿರುಗಿದ ಬೆಳಕಿನಲ್ಲಿ ಯಾವ ಅಂಶವು ಕುಂದಿತು, ಯಾವುದು ಬದಲಾಯಿತು ಎಂಬುದನ್ನು ರೇಖೆಯಾಗಿ ಬರೆದು, ಶುದ್ಧಪದಾರ್ಥದ ರೇಖೆಯೊಡನೆ ಹೋಲಿಸುವುದು. ಬಣ್ಣವು ಒಂದೇ ಆಗಿದ್ದರೂ ರೇಖೆಯು ಒಂದೇ ಆಗದು. ಕೌಟಿಲ್ಯನ ಸಮವರ್ಣಕ್ಕೆ ಇದೇ ಉತ್ತರ.

ಇದರ ಫಲವು ನೆರೆಯ ಬಾಂಗ್ಲಾದೇಶದಲ್ಲಿ ಕಂಡುಬಂದಿದೆ. ಅಲ್ಲಿ ಅರಿಸಿನದ ಹೊಳಪಿಗಾಗಿ ಸೀಸದ ಕ್ರೋಮೇಟೆಂಬ ಹಳದಿ ಬಣ್ಣವನ್ನು ಹಚ್ಚುತ್ತಿದ್ದರು. ಸೀಸವು ಮಕ್ಕಳ ಬುದ್ಧಿಬೆಳವಣಿಗೆಯನ್ನೇ ಕುಂಠಿಸುವ ವಿಷ. ತಾಯಿಯು ಮಗುವಿಗೆ ಹಿತವೆಂದು ಹಾಲಿಗೆ ಬೆರಸುವ ಚಿಟಿಕೆ ಅರಿಸಿನವೇ ಅದರ ವಾಹನವಾಗಬಲ್ಲುದು. 2019ರಲ್ಲಿ ಪೇಟೆಯ ಅರಿಸಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸವು ಸಿಕ್ಕಿತು. ಅಧಿಕಾರಿಗಳು ಬೆಳಕಿನ ಕುಲಕ್ಕೇ ಸೇರಿದ ಕ್ಷಕಿರಣದ ಕೈಯುಪಕರಣವನ್ನು ಸಗಟು ಪೇಟೆಗೆ ಒಯ್ದು, ಸ್ಥಳದಲ್ಲೇ ಪರೀಕ್ಷಿಸಿ, ತಪ್ಪಿತಸ್ಥರನ್ನು ದಂಡಿಸಿ, ಜನರಿಗೆ ತಿಳಿವಳಿಕೆಯನ್ನು ಕೊಟ್ಟರು. 2021ರ ವೇಳೆಗೆ ಆ ಸಂಖ್ಯೆಯು ಸೊನ್ನೆಗಿಳಿಯಿತು.

ಆದರೆ ಯಂತ್ರವು ಸರ್ವಜ್ಞವಲ್ಲ. ಹೋಲಿಕೆಗೆ ಶುದ್ಧವಾದ ಮಾದರಿ ಬೇಕು. ತೀರ ಅಲ್ಪವಾದ ಬೆರಕೆಯು ತಪ್ಪಿಸಿಕೊಳ್ಳಬಹುದು. ಅದು ಸಂಶಯವನ್ನು ಹುಟ್ಟಿಸಬಲ್ಲುದು, ತೀರ್ಪನ್ನು ಕೊಡಲಾರದು. 2006ರ ಆಹಾರ ಸುರಕ್ಷತಾ ಶಾಸನದಂತೆ ಅಧಿಕಾರಿಯು ತೆಗೆದ ಮಾದರಿಯನ್ನು ನಾಲ್ಕು ಪಾಲು ಮಾಡಿ, ಅದರಲ್ಲೊಂದನ್ನು ಆಹಾರ ವಿಶ್ಲೇಷಕರಿಗೆ ಕಳುಹಿಸಬೇಕು. ಅವರು 14 ದಿನಗಳೊಳಗೆ ವರದಿಯನ್ನು ಕೊಡಬೇಕು. ಕೊಂಡವನೂ ಶುಲ್ಕವನ್ನು ತೆತ್ತು ಪರೀಕ್ಷೆ ಮಾಡಿಸಬಹುದೆಂದು ಅದೇ ಶಾಸನವು ಹೇಳುತ್ತದೆ. ಭೀಮೆಯ ತೀರದ ಹಳ್ಳಿಯ ಕೂಲಿಗಾರನು ಅಂಗಡಿಯಿಂದ ಒಂದು ಹಿಡಿ ಪುಡಿಯನ್ನು ತಂದು, ಶುಲ್ಕವನ್ನೂ ಕೊಟ್ಟು, ವರದಿಗಾಗಿ ಕಾದಿರುವುದು ಎಷ್ಟರಮಟ್ಟಿಗೆ ಸಾಧ್ಯ? ಅವನ ಪಾಲಿಗೆ ಪರೀಕ್ಷೆಯೇ ಸಂತೆಗೆ ಬರಬೇಕು.

ವಿಜ್ಞಾನೇಶ್ವರನು ಇಂಗುಮೆಣಸುಗಳನ್ನು ಔಷಧಗಳ ಸಾಲಿನಲ್ಲಿಟ್ಟು ವ್ಯಾಖ್ಯಾನಿಸಿದ ನಾಡಿದು. ದಂಡವು ಆ ಕಾಲಕ್ಕೇ ಸಿದ್ಧವಾಗಿತ್ತು. ಕಣ್ಣು ಈಗ ದೊರೆತಿದೆ. ಆ ಕಣ್ಣನ್ನು ನಗರದ ಪ್ರಯೋಗಶಾಲೆಯಲ್ಲಿಯೇ ಇರಿಸದೆ ಆಳಂದ, ಅಫಜಲಪುರ, ಜೇವರ್ಗಿಗಳ ಸಂತೆಯವರೆಗೆ ಒಯ್ಯುವುದೊಂದೇ ಉಳಿದಿರುವ ಕಾರ್ಯ.