ಕಂಪ್ಯೂಟರ್ ಕಡತಗಳು ಕೆಡುವುದೇಕೆ?

ಚೆನ್ನಾಗಿಯೇ ನಡೆಯುತ್ತಿದ್ದ ಕಂಪ್ಯೂಟರ್ ಒಮ್ಮೆಲೇ ಅರ್ಧಕ್ಕೆ ನಿಂತು, ಅಗತ್ಯ ಕಡತ ಸಿಗುತ್ತಿಲ್ಲ ಎಂಬ ಸಂದೇಶ ತೋರಿಸಿದರೆ ಬಹುತೇಕರು ದೂರುವುದು ವೈರಸ್ಸನ್ನು. ಆದರೆ ವೈರಸ್ ಹಲವು ಕಾರಣಗಳಲ್ಲಿ ಒಂದು ಮಾತ್ರ. ಕಾರಣವನ್ನರಿಯದೆ ವಿಂಡೋಸನ್ನು ಹೊಸದಾಗಿ ಅಳವಡಿಸಿದರೆ ತೊಂದರೆ ಮರುಕಳಿಸಬಹುದು. ಬಳಕೆದಾರರ ಸ್ವಂತ ದಾಖಲೆಗಳೂ ಅಳಿಸಿಹೋಗಬಹುದು.

ವಿದ್ಯುತ್ ಕಡಿತ: ಮಾಹಿತಿಯು ಡಿಸ್ಕ್‌ಗೆ ಸೇರುವ ಮುನ್ನ ಸ್ವಲ್ಪ ಹೊತ್ತು ತಾತ್ಕಾಲಿಕ ಸ್ಮೃತಿಯಲ್ಲಿರುತ್ತದೆ. ಆಗ ವಿದ್ಯುತ್ ಹೋದರೆ ಕಡತ ಅರೆಬರೆಯಾಗಿ ಉಳಿಯುತ್ತದೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯು ಬದಲಾವಣೆಗಳನ್ನು ದಾಖಲಿಸಿಟ್ಟುಕೊಂಡು ಡಿಸ್ಕ್‌ನ ರಚನೆಯನ್ನು ಕಾಪಾಡುತ್ತದೆಯೇ ಹೊರತು ಕಡತದೊಳಗಿನ ವಿಷಯವನ್ನಲ್ಲ. ಯುಪಿಎಸ್ ಅಗತ್ಯವಾಗುವುದು ಈ ಕಾರಣಕ್ಕೆ.

ಯಂತ್ರಾಂಶ ದೋಷ: ಹಾರ್ಡ್ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್‌ಗಳಾದರೆ ಅಲ್ಲಿರುವ ಕಡತವನ್ನು ಓದಲಾಗದು. ರ‍್ಯಾಮ್ ದೋಷ ಇನ್ನೂ ಗುಪ್ತವಾದುದು. ಮಾಹಿತಿ ಸ್ಮೃತಿಯಲ್ಲಿಯೇ ತಪ್ಪಾಗಿ, ಆ ತಪ್ಪೇ ಡಿಸ್ಕ್‌ನಲ್ಲಿ ದಾಖಲಾಗುತ್ತದೆ.

ವೈರಸ್: 1998ರಲ್ಲಿ ಪತ್ತೆಯಾದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರಂದು ಸಕ್ರಿಯಗೊಂಡು, ಹಾರ್ಡ್ ಡಿಸ್ಕ್‌ನ ಆರಂಭದ ಭಾಗವನ್ನು ಅಳಿಸಿಹಾಕಿತು. ಕೆಲವು ಯಂತ್ರಗಳಲ್ಲಿ ಬಯಾಸ್ ಕೂಡ ಹಾಳಾಯಿತು.

ದೋಷಯುಕ್ತ ಅಪ್‌ಡೇಟ್: ರಕ್ಷಣೆಗೆಂದು ಹಾಕಿದ ತಂತ್ರಾಂಶದಿಂದಲೂ ಹಾನಿಯಾಗುವುದುಂಟು. 2010ರ ಏಪ್ರಿಲ್ 21ರಂದು ಮೆಕಫೀ ಆ್ಯಂಟಿವೈರಸ್‌ನ ಅಪ್‌ಡೇಟ್ ಒಂದು ವಿಂಡೋಸ್ ಎಕ್ಸ್‌ಪಿಯ ಮುಖ್ಯ ಕಡತವಾದ ಎಸ್‌ವಿಸಿಹೋಸ್ಟನ್ನೇ ವೈರಸ್ ಎಂದು ಭಾವಿಸಿತು. ಅನೇಕ ಕಂಪ್ಯೂಟರ್‌ಗಳು ಪದೇ ಪದೇ ರೀಸ್ಟಾರ್ಟ್ ಆಗತೊಡಗಿದವು. ಅಪ್‌ಡೇಟ್ ಮುಗಿಯುವ ಮುನ್ನ ಯಂತ್ರವನ್ನು ಆಫ್ ಮಾಡುವುದರಿಂದಲೂ ವ್ಯವಸ್ಥೆಯ ಕಡತಗಳು ಕೆಡಬಹುದು.

ಪರಿಹಾರವೇನು?: ಮೊದಲು ದಾಖಲೆ, ಛಾಯಾಚಿತ್ರಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಬೇಕು. ಡಿಸ್ಕ್‌ನಿಂದ ವಿಚಿತ್ರ ಸದ್ದು ಬರುತ್ತಿದ್ದರೆ ನಕಲು ಮುಗಿಯುವವರೆಗೆ ಚೆಕ್‌ಡಿಸ್ಕ್‌ನಂತಹ ದುರಸ್ತಿ ಸಾಧನಗಳನ್ನು ಬಳಸಬಾರದು. ಅವುಗಳ ಒತ್ತಡಕ್ಕೆ ಸೋತ ಡಿಸ್ಕ್ ಪೂರ್ಣವಾಗಿ ನಿಂತುಹೋಗಬಹುದು. ಬಳಿಕ ವಿಂಡೋಸ್ 10 ಮತ್ತು 11ರಲ್ಲಿ ಅಡ್ಮಿನಿಸ್ಟ್ರೇಟರ್ ಅಧಿಕಾರದೊಂದಿಗೆ ಕಮಾಂಡ್ ಪ್ರಾಂಪ್ಟ್ ತೆರೆದು, ಮೊದಲು ಡಿಐಎಸ್‌ಎಂ, ಅನಂತರ ಸಿಸ್ಟಂ ಫೈಲ್ ಚೆಕರ್ ಸಾಧನವನ್ನು ಚಾಲನೆ ಮಾಡಬೇಕು. ಇವು ಕೆಟ್ಟ ವ್ಯವಸ್ಥಾ ಕಡತಗಳ ಸ್ಥಾನದಲ್ಲಿ ಸರಿಯಾದ ಪ್ರತಿಗಳನ್ನು ಇರಿಸುತ್ತವೆ. ಇದಾದ ಮೇಲೂ ಕಡತಗಳು ಕೆಡುತ್ತಿದ್ದರೆ ರ‍್ಯಾಮ್ ಮತ್ತು ಡಿಸ್ಕ್ ಪರೀಕ್ಷೆ ಮಾಡಿಸುವುದು ಒಳಿತು.

ಈ ಸಾಧನಗಳು ಸರಿಪಡಿಸುವುದು ವಿಂಡೋಸ್‌ನ ಕಡತಗಳನ್ನು ಮಾತ್ರ. ಬಳಕೆದಾರರ ದಾಖಲೆ ಕೆಟ್ಟರೆ ಮೊದಲೇ ಮಾಡಿಟ್ಟ ನಕಲಿನಿಂದಲೇ ಅದನ್ನು ಮರಳಿ ಪಡೆಯಬೇಕು.